ಅವ್ವನ ಮರೆವು ಮತ್ತು ಅಣಬೆಯ ಪುಡಿ

ಸಲಗರ ಬುದ್ರುಕದ ನಮ್ಮ ಮನೆಯಲ್ಲಿ ಸಂಜೆಯ ಜಪಸರ ಪ್ರಾರ್ಥನೆ ನಡೆಸುವವಳು ಅವ್ವ. ಒಂದು ದಿನ ಮೂರನೆಯ ರಹಸ್ಯವನ್ನೇ ಎರಡು ಸಲ ಹೇಳಿದಳು. ನಾವು ಮುಖ ಮುಖ ನೋಡಿಕೊಂಡೆವು. ಮರುವಾರ ಹಂಚಿನ ಮೇಲೆ ರೊಟ್ಟಿ ಹಾಕಿ ಮರೆತು ಹೊರಗೆ ಹೋದಳು. ಆಗ ನಮಗೆ ನಿಜವಾಗಿಯೂ ಭಯವಾಯಿತು.

ಸೋಲಾಪುರದಲ್ಲಿರುವ ತಮ್ಮ, ಮೆದುಳಿಗೆ ಒಳ್ಳೆಯದೆಂದು ಅಣಬೆ ಪುಡಿಯ ಡಬ್ಬಿ ತಂದ. ಬೆಲೆ ಕೇಳಿ ಎದೆ ಝಲ್ಲೆಂದರೂ, ಅವ್ವನಿಗಿಂತ ಹಣ ದೊಡ್ಡದೇ ಎಂದುಕೊಂಡೆವು. ಆದರೆ ಕೊಡುವ ಮೊದಲು ವಿಚಾರಿಸಿದೆವು.

ಲಯನ್ಸ್ ಮೇನ್ ಎಂದರೆ ಸಿಂಹದ ಕೇಸರದಂತೆ ಬಿಳಿ ಎಳೆಗಳು ಇಳಿಬಿದ್ದ ಅಣಬೆ. ಜಪಾನಿನಲ್ಲಿ ಅಲ್ಪ ಮರೆವಿದ್ದ ೩೦ ಜನರ ಮೇಲೆ ನಡೆಸಿದ ಅಧ್ಯಯನವೊಂದು ೨೦೦೯ರಲ್ಲಿ ಪ್ರಕಟವಾಯಿತು. ೧೬ ವಾರ ಈ ಅಣಬೆಯ ಮಾತ್ರೆ ನುಂಗಿದವರ ಪರೀಕ್ಷೆಯ ಅಂಕಗಳು ಹೆಚ್ಚಿದವು. ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಮತ್ತೆ ಇಳಿದವು. ಇಷ್ಟು ಚಿಕ್ಕ ಅಧ್ಯಯನ ಆಸೆ ಹುಟ್ಟಿಸೀತು, ಖಾತರಿ ಕೊಡಲಾರದು.

ಡಬ್ಬಿಯ ಮೇಲೆ ನೋಡಬೇಕಾದದ್ದೂ ಬಹಳ. ಪುಡಿ ಅಣಬೆಯದ್ದೋ, ಅಥವಾ ಕಾಳಿನ ಮೇಲೆ ಬೆಳೆಸಿದ ಬೇರಿನಂಥ ಎಳೆಗಳನ್ನು ಕಾಳಿನ ಸಮೇತ ಬೀಸಿದ್ದೋ? ಎರಡನೆಯದಾದರೆ ನಾವು ಕೊಳ್ಳುವುದು ಬಹುಪಾಲು ಹಿಟ್ಟು. ಬೀಟಾ ಗ್ಲೂಕಾನ್ ಪ್ರಮಾಣ ಬರೆದಿರಬೇಕು. ಬರೀ ‘ಪಾಲಿಸ್ಯಾಕರೈಡ್’ ಎಂದರೆ ಸಾಲದು, ಹಿಟ್ಟಿನ ಪಿಷ್ಟವೂ ಅದೇ ಜಾತಿಯದು. ಅಣಬೆ ಮಣ್ಣಿನ ಸೀಸ, ಕ್ಯಾಡ್ಮಿಯಂಗಳನ್ನು ಹೀರಬಲ್ಲದು. ಆದ್ದರಿಂದ ಪ್ರಯೋಗಾಲಯದ ವರದಿ ಬೇಕು. ಎಫ್‌ಎಸ್‌ಎಸ್‌ಎಐನ ೧೪ ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಮರೆವಿನ ರೋಗ ವಾಸಿಯಾಗುತ್ತದೆ ಎಂದು ಬರೆದಿದ್ದರೆ ಅಲ್ಲಿಯೇ ಬಿಟ್ಟು ಬರಬೇಕು.

ನಮ್ಮ ಡಬ್ಬಿಯಲ್ಲಿ ಈ ಯಾವ ಪ್ರಶ್ನೆಗೂ ಉತ್ತರವಿರಲಿಲ್ಲ. ಡಾಕ್ಟರರು ಅದನ್ನು ಪಕ್ಕಕ್ಕಿಟ್ಟು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಬಿ-೧೨ ತೀರ ಕಡಿಮೆಯಿತ್ತು. ಬಿ-೧೨ ಕೊರತೆ, ಥೈರಾಯ್ಡ್ ತೊಂದರೆಗಳಿಂದಲೂ ಮರೆವು ಬರುತ್ತದಂತೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಕೇಳದೆ ಅಣಬೆಯ ಪುಡಿ ತಿನ್ನಬಾರದೆಂದೂ ಎಚ್ಚರಿಸಿದರು.

ಇಂಜೆಕ್ಷನ್ ಆದ ಮೇಲೆ ಅವ್ವ ಎಷ್ಟೋ ಚೇತರಿಸಿಕೊಂಡಳು. ರೊಟ್ಟಿ ಈಗ ಸೀಯುವುದಿಲ್ಲ. ಪೂರ್ತಿ ಮೊದಲಿನಂತಾದಳೆಂದು ಹೇಳಲಾರೆವು. ಒಮ್ಮೊಮ್ಮೆ ರಹಸ್ಯ ಮರಳಿ ಬರುತ್ತದೆ. “ದೇವರಿಗೆ ಎರಡು ಸಲ ಹೇಳಿದ್ರ ತಪ್ಪೇನ್ರೋ?” ಎಂದು ನಗುತ್ತಾಳೆ.

ಔಷಧಿಯನ್ನೂ ವೈದ್ಯನನ್ನೂ ದೇವರೇ ಕೊಟ್ಟದ್ದೆಂದು ಸಿರಾಖನ ಗ್ರಂಥದ ೩೮ನೆಯ ಅಧ್ಯಾಯ ತಿಳಿಸುತ್ತದೆ. ಪ್ರಿಯ ಓದುಗರೇ, ನಿಮ್ಮ ಮನೆಯ ಹಿರಿಯರು ಮರೆಯತೊಡಗಿದರೆ ಅಂಗಡಿಗಿಂತ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಸಂಜೆ ಅವರ ಪಕ್ಕದಲ್ಲಿ ಕುಳಿತು ಜಪಸರ ಹೇಳಿರಿ. ನಾವೀಗ ಮಣಿಗಳನ್ನು ಅವ್ವನೊಂದಿಗೇ ಎಣಿಸುತ್ತೇವೆ.