ಹನಿ ಲಸಿಕೆಯ ಕಾಲ

ಎಂಬತ್ತರ ದಶಕದಲ್ಲಿ ದೊಡ್ಡಬಳ್ಳಾಪುರದ ಕಡೆ ಕೋಳಿ ಫಾರಂ ಇಟ್ಟವರು ಹೆಬ್ಬಾಳಕ್ಕೆ ಹೊರಟರೆಂದರೆ ಕೈಯಲ್ಲೊಂದು ಥರ್ಮಾಸ್ ಫ್ಲಾಸ್ಕು. ಬಸ್ಸಿನಲ್ಲಿ ಪಕ್ಕದವರು ಆಸ್ಪತ್ರೆಗೆ ಕಾಫಿ ಒಯ್ಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಒಳಗಿದ್ದದ್ದು ಐಸು, ಅದರ ನಡುವೆ ಹೆಬ್ಬಾಳದ ಪಶುವೈದ್ಯಕೀಯ ಜೈವಿಕ ಸಂಸ್ಥೆಯಿಂದ ತಂದ ಕೊಕ್ಕರೆ ರೋಗದ ಲಸಿಕೆ. ನಮ್ಮ ಫಾರಂಗೆ ಅದನ್ನು ತರುವ ಕೆಲಸ ನನ್ನದಾಗಿತ್ತು.

ಕೊಕ್ಕರೆ ರೋಗವನ್ನೇ ಡಾಕ್ಟರರು ರಾಣಿಖೇತ್ ಅನ್ನುತ್ತಿದ್ದದ್ದು. ಊರಿನ ನಾಟಿ ಕೋಳಿಗಳು ಬಾಯಿ ತೆರೆದು ಗೊರಗೊರ ಉಸಿರೆಳೆದು, ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಬೀಳುವುದನ್ನು ನೋಡಿಯೇ ಬೆಳೆದವರು ನಾವು. ಒಂದು ಮನೆಯಲ್ಲಿ ಶುರುವಾದರೆ ಬೀದಿಯ ಪಂಜರವೆಲ್ಲ ಖಾಲಿ. ಸಾವಿರ ಕೋಳಿ ಒಂದೇ ಶೆಡ್ಡಿನಲ್ಲಿದ್ದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರಿಗೆ ಐದರಿಂದ ಏಳು ದಿನವಾದಾಗ ಮೊದಲ ಹನಿ. ಎಫ್‌-1 ಅಂತ ಕರೆಯುತ್ತಿದ್ದ ಸೌಮ್ಯ ಲಸಿಕೆ, ಕಣ್ಣಿಗೋ ಮೂಗಿಗೋ ಒಂದೇ ತೊಟ್ಟು. ಹೊತ್ತು ಇಳಿದ ಮೇಲೆ, ತಂಪಿನಲ್ಲಿ ಶುರು ಮಾಡುತ್ತಿದ್ದೆವು. ಶೆಡ್ಡಿನ ನಡುವೆ ತಗಡು ಅಡ್ಡ ಇಟ್ಟು, ಹಾಕಿಸಿಕೊಂಡ ಮರಿಗಳನ್ನು ಆಚೆ ಬಿಡುವುದು. ಮರಿಯನ್ನು ಅಂಗೈಯಲ್ಲಿ ಓರೆಯಾಗಿ ಹಿಡಿದು ತೊಟ್ಟು ಬಿಟ್ಟರೆ ಅದು ಕಣ್ಣಿನ ಮೇಲೆ ಕ್ಷಣಕಾಲ ಗುಂಡಗೆ ನಿಲ್ಲುತ್ತದೆ. ಮರಿ ರೆಪ್ಪೆ ಬಡಿದಾಗಲೇ ಒಳಗೆ ಹರಡುವುದು. ಕೂಲಿಗೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಕೈ ತಡೆದು, "ರೆಪ್ಪೆ ಬಡೀಲಿ ತಾಳಪ್ಪ, ಆತುರ ಪಟ್ರೆ ಔಷ್ದಿ ಕೆನ್ನೆಗೆ ಹೋಯ್ತದೆ" ಅನ್ನುತ್ತಿದ್ದರು. ಡೋಸಿನ ಬಗ್ಗೆ ಮುಂದೆ ನಾನು ಕೇಳಿದ ಭಾಷಣಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಆಮೇಲೆ ಆರ್‌-2-ಬಿ ಸೂಜಿ. ಮುಕ್ತೇಶ್ವರದ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ಗಟ್ಟಿ ಲಸಿಕೆ ಅದು. ಎಳೆಯ ಮರಿಗೆ ಕೊಟ್ಟರೆ ಕಾಲೇ ಬಿದ್ದುಹೋಗಬಹುದು, ಹಾಗಾಗಿ ಆರೆಂಟು ವಾರವಾಗುವವರೆಗೆ ಕಾಯಬೇಕು. ಈಗಿನ ಬ್ರಾಯ್ಲರ್ ಆರು ವಾರ ತುಂಬುವುದರೊಳಗೆ ಲಾರಿ ಹತ್ತುತ್ತದೆ. ಆ ಸೂಜಿಗೆ ಅಲ್ಲಿ ಸರದಿಯೇ ಬರುವುದಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಗಂಬೋರೊ ಬಂದಾಗ ನಮ್ಮ ಲೆಕ್ಕವೆಲ್ಲ ತಪ್ಪಿತು. ಮೂರರಿಂದ ಆರು ವಾರದ ಮರಿಗಳು ಮಂಕಾಗಿ ಕೂತು ಸಾಯುತ್ತಿದ್ದವು. ಕೊಯ್ದು ನೋಡಿದರೆ ತೊಡೆಯ ಮಾಂಸದಲ್ಲಿ ರಕ್ತದ ಗೆರೆ, ಗುದದ ಮೇಲ್ಭಾಗದ ಬರ್ಸಾ ಗ್ರಂಥಿ ಊದಿಕೊಂಡಿರುತ್ತಿತ್ತು. ಸತ್ತವಕ್ಕಿಂತ ಉಳಿದವೇ ದೊಡ್ಡ ತಲೆನೋವು. ಎಳೆ ಮರಿಯಲ್ಲಿ ಪ್ರತಿರೋಧ ಶಕ್ತಿ ತಯಾರಾಗಬೇಕಾದದ್ದೇ ಆ ಗ್ರಂಥಿಯಿಂದ. ಅದು ಕೆಟ್ಟ ಮೇಲೆ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ಹಾಗಂತ ಗಂಬೋರೊ ಲಸಿಕೆಯನ್ನು ಬೇಗ ಕೊಟ್ಟರೆ ತಾಯಿಕೋಳಿಯಿಂದ ಬಂದ ಪ್ರತಿಕಾಯ ಅದನ್ನು ಕೊಂದುಬಿಡುತ್ತದೆ, ತಡಮಾಡಿದರೆ ರೋಗವೇ ಮೊದಲು ಬರುತ್ತದೆ.

ಶೆಡ್ಡುಗಳು ದೊಡ್ಡವಾದಂತೆ ಹನಿಯ ಜಾಗಕ್ಕೆ ಕುಡಿಯುವ ನೀರು ಬಂತು. ಎರಡು ದಿನ ಮುಂಚೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ನಿಲ್ಲಿಸಬೇಕು, ಉಳಿದ ಕ್ಲೋರಿನ್ ಮುರಿಯಲು ಕೆನೆರಹಿತ ಹಾಲಿನ ಪುಡಿ ಹಾಕಬೇಕು, ಒಂದೆರಡು ಗಂಟೆ ಬಾಯಾರಿಸಿ ಆಮೇಲೆ ಕುಡಿಸಬೇಕು. ನೀರಿಗೆ ನೀಲಿ ಬಣ್ಣ ಬೆರೆಸಿ, ಎಷ್ಟು ಕೋಳಿಯ ನಾಲಿಗೆ ನೀಲಿಯಾಗಿದೆ ಅಂತ ಹಿಡಿದು ನೋಡುವುದೂ ಇತ್ತು. ಮೂಲೆಯಲ್ಲಿ ಮುದುರಿ ಕೂತ ಬಡಕಲು ಕೋಳಿಯ ನಾಲಿಗೆ ಯಾವಾಗಲೂ ಕೆಂಪಗೇ ಇರುತ್ತಿತ್ತು.

ಡೋಸಿಗೆ ಕತ್ತರಿ ಬಿದ್ದದ್ದು ಆಗಲೇ. ಸಾವಿರದ ವಯಲನ್ನು ಸಾವಿರದೈನೂರಕ್ಕೆ ಹಂಚಿ, "ಜೀವಂತ ವೈರಸ್ಸು ತಾನೇ, ಒಳಗೆ ಬೆಳ್ಕೊಳ್ಳತ್ತೆ ಬಿಡಿ ಸಾರ್" ಅನ್ನುವವರು ಬೇಕಾದಷ್ಟಿದ್ದರು. ಬೆಳೆಯುವುದು ನಿಜ. ಆದರೆ ಪಾಲು ಸಿಗದ ಕೋಳಿಗೆ ಅದು ಪಕ್ಕದ ಕೋಳಿಯಿಂದ ತಡವಾಗಿ ಅಂಟುತ್ತದೆ. ಹೀಗೆ ಒಂದರಿಂದ ಒಂದಕ್ಕೆ ದಾಟುತ್ತ ಬಿರುಸಾಗುತ್ತದೆ. ಲಸಿಕೆಯಿಂದ ಬಂದು ಎರಡು ಮೂರು ದಿನದಲ್ಲಿ ಮುಗಿಯಬೇಕಾದ ಸೀನು ವಾರಗಟ್ಟಲೆ ಎಳೆದು, ಹಿಂದೆಯೇ ಇ-ಕೊಲೈ ಬಂದು ಮರಿಗಳ ತೂಕ ಇಳಿಯುತ್ತಿತ್ತು. ಬೈಗುಳ ಮಾತ್ರ ಲಸಿಕೆ ಕಂಪನಿಗೆ.

2000ದ ನಂತರ ಗುತ್ತಿಗೆ ಸಾಕಣೆ ಬಂತು. ಮರಿ, ಮೇವು, ಲಸಿಕೆ ಕಂಪನಿಯದು. ಶೆಡ್ಡು, ಕರೆಂಟು, ಬೆವರು ರೈತನದು. ಕೂಲಿ ಕೆಜಿ ಲೆಕ್ಕದಲ್ಲಿ. ಡೋಸು ಕದಿಯುವ ಚಾಳಿ ಬಹುಮಟ್ಟಿಗೆ ನಿಂತದ್ದು ಇದರಿಂದಲೇ ಎಂದು ಒಪ್ಪಿಕೊಳ್ಳಬೇಕು. ಲಸಿಕೆಯೂ ಮೆಲ್ಲಗೆ ಹ್ಯಾಚರಿಗೆ ಹಿಂದೆ ಸರಿಯಿತು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿಟ್ಟ ಮಾರೆಕ್ಸ್ ಲಸಿಕೆಯನ್ನು ಮೊಟ್ಟೆಕೋಳಿ ಮರಿಗಳಿಗೆ ಅಲ್ಲೇ, ಮೊದಲ ದಿನವೇ ಕತ್ತಿನ ಚರ್ಮದಡಿ ಕೊಡುತ್ತಿದ್ದರು. ಈಗ ಅದೇ ಬಗೆಯ ಟರ್ಕಿ ಹರ್ಪಿಸ್ ವೈರಸ್ಸಿನ ಬೆನ್ನೇರಿ ಗಂಬೋರೊ, ಕೊಕ್ಕರೆ ರೋಗದ ಲಸಿಕೆಗಳೂ ಬರುತ್ತವೆ. ಇಂಥ ಮರಿಗಳನ್ನು ಸಾಕುವ ಎಷ್ಟೋ ಹುಡುಗರು ಹನಿ ಹಾಕುವುದನ್ನು ನೋಡಿಯೂ ಇಲ್ಲ. ಹಕ್ಕಿಜ್ವರ ಬಂದರೆ ಇದ್ಯಾವುದೂ ಲೆಕ್ಕಕ್ಕಿಲ್ಲ. 2006ರಲ್ಲಿ ನವಾಪುರದಲ್ಲಿ, 2012ರಲ್ಲಿ ನಮ್ಮ ಹೆಸರಘಟ್ಟದಲ್ಲೇ ನೋಡಿದಂತೆ, ಕೊಂದು ಹೂಳುವುದೊಂದೇ.

ಮೊಟ್ಟೆಕೋಳಿಯವರಿಗೆ ಇನ್ನೂ ಕೈಕೆಲಸ ತಪ್ಪಿಲ್ಲ. ವರ್ಷದ ಮೇಲೆ ಬದುಕುವ ಕೋಳಿಗೆ ಆರ್‌-2-ಬಿಯೂ ಬೇಕು, ಮೊಟ್ಟೆಗೆ ಬರುವ ಮುಂಚೆ ಎಣ್ಣೆ ಲಸಿಕೆಯೂ ಬೇಕು. ಸಿಡುಬಿನ ಲಸಿಕೆಯನ್ನು ಜೋಡಿ ಸೂಜಿಯಲ್ಲಿ ಅದ್ದಿ ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುತ್ತಾರೆ. ನಾನು ಬಲ್ಲ ಮಾಲೀಕರೊಬ್ಬರು ಚುಚ್ಚಿದ ದಿನ ಅರ್ಧ ಕೂಲಿ ಕೊಡುತ್ತಾರೆ. ವಾರ ಕಳೆದ ಮೇಲೆ ಅಲ್ಲಲ್ಲಿ ಕೋಳಿ ಹಿಡಿದು, ರೆಕ್ಕೆ ಬಿಡಿಸಿ, ಚುಚ್ಚಿದಲ್ಲಿ ಗುಳ್ಳೆ ಎದ್ದಿದ್ದರೆ ಉಳಿದರ್ಧ.