ಮಾಗಿಯ ಬಿಸಿಲು

ಹೆಸರಿನಲ್ಲಿಯೇ ಚಿತ್ರವನ್ನಿಟ್ಟುಕೊಂಡ ಊರಿಗೆ ಬರುವವರು ಕ್ಯಾಮರಾ ಹೊತ್ತು ತರುವುದು ಸಹಜವೇ. ಚಿತ್ರದುರ್ಗಕ್ಕೆ ಬಂದವರು ನೆಟ್ಟಗೆ ಏಳುಸುತ್ತಿನ ಕೋಟೆಗೆ ಹೋಗುತ್ತಾರೆ; ಒನಕೆ ಓಬವ್ವನ ಕಿಂಡಿಯ ಮುಂದೆ ಸಾಲಾಗಿ ನಿಲ್ಲುತ್ತಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದ ಮೇಲಂತೂ ಕೋಟೆಯನ್ನು ಎಲ್ಲಿ ನಿಂತು ನೋಡಬೇಕೆಂಬುದೇ ಇತ್ಯರ್ಥವಾಗಿಹೋಯಿತು. ರಾಮಾಚಾರಿಯಂತೆ ಬಂಡೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಲ್ಲದೆ ಹಿಂದಿರುಗಿದ ತರುಣ ನನ್ನ ಕಣ್ಣಿಗಂತೂ ಇನ್ನೂ ಬಿದ್ದಿಲ್ಲ.

ಕೋಟೆಯ ಮೇಲೆ ನನಗೆ ಮುನಿಸೇನೂ ಇಲ್ಲ. ಆದರೆ ಹವ್ಯಾಸಕ್ಕೆಂದು ಛಾಯಾಗ್ರಹಣ ಕಲಿಯಹೊರಟವನಿಗೆ ಅದು ಒಳ್ಳೆಯ ಮೇಷ್ಟರಲ್ಲ. ಹೇಗೆ ತೆಗೆದರೂ ಅದು ಚೆನ್ನಾಗಿಯೇ ಬರುತ್ತದೆ. ಕಲ್ಲಿಗೆ ಸಲ್ಲಬೇಕಾದ ಹೊಗಳಿಕೆ ಕಲಿಯುವವನ ತಲೆಗೇರುತ್ತದೆ. ಕಲಿಯಬೇಕಾದರೆ ಯಾರೂ ಹೊಗಳದ ಜಾಗಗಳಿಗೆ ಹೋಗಬೇಕು: ಜಗಲಿ, ಕಣ, ಸಂತೆ, ಹಿತ್ತಿಲು. ಕಾಲವೂ ಮಾಗಿಯದಾಗಿರಬೇಕು.

ಮಾಗಿಯೇ ಏಕೆ ಎಂದರೆ ಕಾರಣ ಆಕಾಶದಲ್ಲಿದೆ. ನಮ್ಮ ಜಿಲ್ಲೆ ಭೂಮಧ್ಯರೇಖೆಯಿಂದ ಸುಮಾರು 14 ಡಿಗ್ರಿ ಉತ್ತರಕ್ಕಿದೆ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆಗ ಮನುಷ್ಯನ ನೆರಳು ಅವನ ಕಾಲಡಿಯಲ್ಲೇ ಅಡಗಿಕೊಳ್ಳುತ್ತದೆ. ಮುಖದಲ್ಲಿ ಕಣ್ಣಿರಬೇಕಾದಲ್ಲಿ ಎರಡು ಕಪ್ಪು ಗುಳಿಗಳು ಮೂಡುತ್ತವೆ. ಡಿಸೆಂಬರ್ ಕೊನೆಗೆ ಅದೇ ಸೂರ್ಯ ಸುಮಾರು 52 ಡಿಗ್ರಿಯವರೆಗೆ ಮಾತ್ರ ಏರಿ ಇಳಿದುಬಿಡುತ್ತಾನೆ. ಆರಡಿ ಆಳಿನ ನೆರಳು ನಡುಹಗಲಲ್ಲೂ ನಾಲ್ಕೂವರೆ ಅಡಿಯಷ್ಟಿರುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಮಣ್ಣಿನ ಗೋಡೆಯ ಒಂದೊಂದು ಬಿರುಕೂ, ಗೋಣಿಚೀಲದ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಇನ್ನೂ ಒಂದು ಸ್ವಾರಸ್ಯವುಂಟು. ಆ ತಿಂಗಳು ಸೂರ್ಯ ಹುಟ್ಟುವುದೇ ಪೂರ್ವದಿಂದ 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು. ದಿನವಿಡೀ ಅವನು ದಕ್ಷಿಣದ ಕಡೆಯೇ ಇರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಮುಖಮಾಡಿದ ಜಗಲಿಗಳಲ್ಲಿ ಸೂರಿನ ಕೆಳಗೂ ಬಿಸಿಲು ನುಗ್ಗುತ್ತದೆ. ಬಿಸಿಲು ಕಾಯಿಸುವ ಮುದುಕರಿಗೆ ಈ ಖಗೋಳಶಾಸ್ತ್ರವೆಲ್ಲ ಪುಸ್ತಕವಿಲ್ಲದೆಯೇ ಗೊತ್ತು. ಬೆಳಕನ್ನು ಹುಡುಕುತ್ತ ಅಲೆಯುವ ಬದಲು ಅವರೆಲ್ಲಿ ಕುಳಿತಿದ್ದಾರೆಂದು ನೋಡಿಕೊಂಡರೆ ಸಾಕು.

ಕೋಟೆಯಿಂದ ಕಲಿಯುವುದು ಒಂದುಂಟು, ಅದನ್ನು ಹೇಳಿಬಿಡುತ್ತೇನೆ. ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ಜಗತ್ತೆಲ್ಲ ಒಂದೇ ನಡುಬೂದು ಬಣ್ಣದ್ದೆಂಬ ಹಟ. ದುರ್ಗದ ಬಂಡೆ ಹೆಚ್ಚುಕಡಮೆ ಅದೇ ಬೂದು. ಆದ್ದರಿಂದ ಇಬ್ಬರಿಗೂ ಹೊಂದಿಕೆಯಾಗುತ್ತದೆ. ಸುಣ್ಣ ಬಳಿದ ಗೋಡೆಯನ್ನು ತೋರಿಸಿ, ಅದನ್ನೂ ಬೂದು ಮಾಡುತ್ತದೆ. ಕರಿಯ ಎಮ್ಮೆಯನ್ನು ತೋರಿಸಿ, ಅದನ್ನೂ ಬೂದು ಮಾಡುತ್ತದೆ. ಗೋಡೆಗೆ ಮಾಪಕ ಹೇಳಿದ್ದಕ್ಕಿಂತ ಹೆಚ್ಚು ಬೆಳಕು ಕೊಡಬೇಕು, ಎಮ್ಮೆಗೆ ಕಡಮೆ. ಎಮ್ಮೆಗೆ ಬೆಳಕು ಕಡಮೆ ಮಾಡಿದರೇನೇ ಅದರ ಕಪ್ಪಿಗೆ ಮರ್ಯಾದೆ.

ಹೊಳಲ್ಕೆರೆಯಲ್ಲಿ ಪ್ರಸನ್ನ ಗಣಪತಿಗೆ ಕೈಮುಗಿದು ತೋಟಗಳ ಕಡೆ ಹೊರಟರೆ ಅಡಿಕೆಯ ಕೆಲಸ ನಡೆದಿರುತ್ತದೆ. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುತ್ತಾರೆ. ಮುಂಜಾನೆಯ ಚಳಿಗೆ ಆವಿ ದಟ್ಟವಾಗಿ ಏಳುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಂತರೆ ಆ ಆವಿ ಬರಿಯ ಮಸುಕು. ಹಂಡೆಯ ಆಚೆಗೆ ಸೂರ್ಯ ಬರುವಂತೆ ನಿಂತರೆ ಬೆಳ್ಳಿ. ಅಂಗಳದಲ್ಲಿ ಹರವಿದ ಕೆಂಪಡಿಕೆಯನ್ನು ಎಲ್ಲರೂ ತೆಗೆಯುತ್ತಾರೆ. ನನಗೆ ಹಿಡಿಸಿದ್ದು ಅದನ್ನು ಕೈಯಾಡಿಸುತ್ತ ಹೋಗುವವರ ಬೆರಳುಗಳಿಗೆ ಹತ್ತಿದ ಚೊಗರಿನ ಬಣ್ಣ.

ಹೊಸದುರ್ಗದ ಕಡೆ ರಾಗಿಯ ಕಣ. ಕಣವೆಂದರೆ ಈಗ ಬಹುಮಟ್ಟಿಗೆ ಡಾಂಬರು ರಸ್ತೆಯೇ. ತೆನೆ ಹರವಿಬಿಟ್ಟರೆ ಬಸ್ಸು ಲಾರಿಗಳೇ ತುಳಿದುಕೊಡುತ್ತವೆ. ತೂರುವುದು ಮಾತ್ರ ಇನ್ನೂ ಗಾಳಿಯ ಕೃಪೆ. ಮಾಗಿಯ ಮೂಡಗಾಳಿಗೆ ಹೊಟ್ಟು ಪಡುವಣಕ್ಕೆ ಹಾರುತ್ತದೆ. ಬೆಳಗ್ಗೆ ಬೆಳಕಿಗೆದುರಾಗಿ ತೆಗೆಯುವವನು ಪಡುವಣಕ್ಕೇ ನಿಲ್ಲಬೇಕು. ಹೊಟ್ಟೆಲ್ಲ ಅವನ ಮಸೂರಕ್ಕೂ ಮೂಗಿಗೂ ಪ್ರಸಾದ. ಸಂಜೆ ಮೂಡಣಕ್ಕೆ ನಿಂತರೆ ಹೊಟ್ಟು ಅವನಿಂದ ದೂರ ಹಾರುತ್ತದೆ, ಬಿಸಿಲು ಅದನ್ನು ತೂರಿ ಅವನ ಕಡೆಗೆ ಬರುತ್ತದೆ. 1/1000 ಸೆಕೆಂಡಿನಲ್ಲಿ ತೆಗೆದರೆ ಕಾಳುಗಳು ಗಾಳಿಯಲ್ಲಿ ನಿಂತುಬಿಡುತ್ತವೆ. 1/60ರಲ್ಲಿ ತೆಗೆದರೆ ಎಳೆ ಎಳೆಯಾಗಿ ಸುರಿಯುತ್ತವೆ. ಎರಡನೆಯದೇ ನಿಜವೆಂದು ನನ್ನ ಅಭಿಪ್ರಾಯ.

ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಕಟ್ಟೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. 2025ರ ಜನವರಿಯಲ್ಲಿ ಮೂರನೆಯ ಸಲ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಫೋನು ಹಿಡಿದು ಅಲ್ಲಿ ನೆರೆಯಿತು. ಬರದ ಸೀಮೆಯವರಿಗೆ ತುಂಬಿ ಹರಿಯುವ ನೀರು ದೇವರ ದರ್ಶನವಿದ್ದಂತೆ, ತೆಗೆಯಲಿ, ತಪ್ಪೇನು? ಆದರೆ ಅಷ್ಟು ಫೋನುಗಳಲ್ಲಿ ಆ ನೀರು ಮುಟ್ಟುವ ತೋಟದ ಬದುವಿನಲ್ಲಿ ಹೆಗಲಿಗೆ ಗುದ್ದಲಿಯಿಟ್ಟು ಸುಮ್ಮನೆ ನಿಂತವನ ಚಿತ್ರ ಎಷ್ಟಿದ್ದೀತು?

ಇದು ಬರಿಯ ರಸಿಕತೆಯ ಮಾತಲ್ಲ. ನಮ್ಮ ಮನೆಗಳ ಆಲ್ಬಂ ತೆಗೆದು ನೋಡಿ: ಮದುವೆ, ನಾಮಕರಣ, ಷಷ್ಟ್ಯಬ್ದಿ. ಅದರಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ, ಎಲ್ಲರೂ ನಿಂತಿದ್ದಾರೆ. ಹಿಂದೆ ಅದಕ್ಕೆ ಕಾರಣವಿತ್ತು. ಒಂದು ಕಾಲಕ್ಕೆ ಮನೆಮಾತಾಗಿದ್ದ ಆಗ್ಫಾ ಕ್ಲಿಕ್ ಕ್ಯಾಮರಾದ ಸುರುಳಿಗೆ 12 ಚಿತ್ರ. ಆ ಹನ್ನೆರಡರಲ್ಲಿ ಒಂದನ್ನು ಹೊಲ ಉಳುವವನಿಗೆ ಖರ್ಚುಮಾಡುವವರು ಯಾರು? ನಮ್ಮ ತಂದೆಯವರದು ಗೋಡೆಯ ಮೇಲೊಂದೇ ಚಿತ್ರ. ಯಾರದೋ ಮದುವೆಯ ಗುಂಪಿನಿಂದ ತಲೆಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದ್ದು. ಮೈಯಿಗೆ ಸ್ಟುಡಿಯೋದವರು ಕೋಟು ಬರೆದುಕೊಟ್ಟರು. ಅವರು ಹುಟ್ಟಿದ ಮೇಲೆ ಕೋಟು ತೊಟ್ಟವರಲ್ಲ. ಮೇಳಿ ಹಿಡಿದು ಹಿಡಿದು ಅವರ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಅದು ನನಗೆ ನೆನಪಿದೆ. ನನ್ನ ಮಕ್ಕಳಿಗೆ ತೋರಿಸಲು ಏನೂ ಇಲ್ಲ. ಈಗ ಫೋನಿನಲ್ಲಿ ಸಾವಿರ ಚಿತ್ರಕ್ಕೂ ದುಡ್ಡು ಬೇಡ, ಆದರೂ ನಾವು ನಿಲ್ಲಿಸಿಯೇ ತೆಗೆಯುತ್ತೇವೆ.

ನಿಲ್ಲುವ ಅಭ್ಯಾಸ ಎದುರಿನವರಿಗೂ ಬಲವಾಗಿದೆ. ಹೊಸದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಜಗಲಿಯ ಬಿಸಿಲಿನಲ್ಲಿ ಕುಳಿತು ನೆನೆದ ಅವರೆಕಾಳು ಹಿದುಕುತ್ತಿದ್ದರು. “ಅಜ್ಜಿ, ಒಂದು ಫೋಟೋ ತೆಗೀಲಾ?” ಎಂದೆ.

“ತಡಿಯಪ್ಪ, ಈ ಸೀರೆಯಾಗೆ ಬ್ಯಾಡ. ಒಳಗೆ ರೇಷ್ಮೆ ಸೀರೆ ಐತೆ.”

“ಇದರಲ್ಲೇ ಚೆಂದ ಅಜ್ಜಿ. ನೀವು ಕೆಲಸ ಮಾಡ್ತಿರಿ.”

“ಇದ್ರಾಗೇನೈತೆ ಚೆಂದ?” ಎಂದು ಬೆನ್ನು ನೆಟ್ಟಗೆ ಮಾಡಿ, ಕೈ ತೊಡೆಯ ಮೇಲಿಟ್ಟು, ಕಲ್ಲಿನಂತೆ ಕುಳಿತರು.

ಇಂಥಲ್ಲಿ ಒಂದೇ ಉಪಾಯ: ಕ್ಯಾಮರಾ ಕೆಳಗಿಟ್ಟು ಕೂತುಬಿಡುವುದು. ನಾನೂ ಎರಡು ಹಿಡಿ ಕಾಳು ಹಿದುಕಿದೆ. ಸೊಗಡಿನ ಅವರೆಗೆ ಈ ಸಲ ಸಂತೆಯಲ್ಲಿ ಏನು ಬೆಲೆ, ಮೊಮ್ಮಗ ಬೆಂಗಳೂರಿನಲ್ಲಿ ಯಾವ ಕೆಲಸದಲ್ಲಿದ್ದಾನೆ, ಸೊಸೆ ಹಿದುಕಿದ ಬೇಳೆ ಸಾರಿಗೆ ಏನೇನು ಹಾಕಬಾರದ್ದನ್ನು ಹಾಕುತ್ತಾಳೆ, ಎಲ್ಲ ಆಯಿತು. ಅರ್ಧ ಗಂಟೆಯ ಮೇಲೆ ಅಜ್ಜಿ ನನ್ನನ್ನು ಮರೆತರು. ಬೇಳೆ ಬೆರಳ ನಡುವಿನಿಂದ ಚಿಮ್ಮಿ ಮೊರಕ್ಕೆ ಬೀಳುವುದನ್ನು ನಾಲ್ಕು ಸಲ ತೆಗೆದೆ.

ಹದಿನೈದು ದಿನ ಬಿಟ್ಟು ಅಚ್ಚು ಹಾಕಿಸಿಕೊಂಡು ಹೋಗಿ ಕೊಟ್ಟೆ. ಅಜ್ಜಿ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ನಮ್ಮವ್ವನ ಕೈ ಹಿಂಗೇ ಇದ್ವು,” ಎಂದರು. ಆಮೇಲೆ ಅದನ್ನು ಸೆರಗಿನಿಂದ ಒರೆಸಿ ಮಗ್ಗುಲಿಗಿಟ್ಟು, “ಇರ್ಲಿ. ಈಗ ಆ ರೇಷ್ಮೆ ಸೀರೆಯಾಗೊಂದು ತಗಿ, ಸರಿಯಾಗಿ,” ಎಂದು ಒಳಗೆ ಹೋದರು. ಕುರ್ಚಿ ತಂದು ಗೋಡೆಗೆ ಆನಿಸಿ ಹಾಕಿದೆ. ಬಿಸಿಲು ಇನ್ನೂ ಒಂದು ಗಂಟೆ ಇತ್ತು.