ಮನೆ ಪಕ್ಕದ ಬೆಟ್ಟ

ಕಿಲಿಮಂಜಾರೊ ಹತ್ತಲು ಹೋದವರು ಸಾಮಾನ್ಯವಾಗಿ ತುದಿ ಮುಟ್ಟಿದ ಕತೆ ಬರೆಯುತ್ತಾರೆ. ನಾನು ತುದಿ ಮುಟ್ಟಲಿಲ್ಲ. ಆದರೂ ಬರೆಯುತ್ತಿದ್ದೇನೆ. ಆ ಬೆಟ್ಟದ ಮೇಲೆ ನನ್ನ ಚೀಲ ಹೊತ್ತ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ್ದ. ಅವನಿಗೆ ನಾನು ಅರ್ಧ ಸತ್ಯವನ್ನಷ್ಟೇ ಹೇಳಿದ್ದೆ. ಉಳಿದರ್ಧ ಇಷ್ಟು ವರ್ಷ ನನ್ನಲ್ಲೇ ಉಳಿದುಬಿಟ್ಟಿದೆ.

ನನ್ನ ತಂದೆ ಭಾಲ್ಕಿಯ ಗಂಜ್‌ನಲ್ಲಿ ಹಮಾಲರಾಗಿದ್ದರು. ಸುಗ್ಗಿಯ ದಿನಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ತೊಗರಿ, ಹೆಸರು, ಜೋಳದ ಚೀಲಗಳನ್ನು ಬೆನ್ನ ಮೇಲೆ ಹಾಕಿಕೊಂಡು ಲಾರಿಯಿಂದ ಅಡತಿ ಅಂಗಡಿಗೆ, ಅಂಗಡಿಯಿಂದ ಲಾರಿಗೆ ಓಡಾಡುತ್ತಿದ್ದರು. ಮನೆಗೆ ಬಂದಾಗ ಅವರ ಅಂಗಿಯಿಂದ ಗೋಣಿಯ ವಾಸನೆ ಬರುತ್ತಿತ್ತು. ಶಾಲೆಯಲ್ಲಿ ಯಾರಾದರೂ ನನ್ನನ್ನು ‘ಹಮಾಲನ ಮಗ’ ಎಂದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಸುಳ್ಳೇನೂ ಹೇಳುತ್ತಿರಲಿಲ್ಲ. ಆದರೆ ಆ ಪದವನ್ನು ಹೇಳುವಾಗ ಅವರ ತುಟಿಯ ಮೇಲೆ ಇರುತ್ತಿದ್ದ ನಗೆಯನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಮುಂದೆ ನಾನು ಬಿ.ಕಾಂ. ಮುಗಿಸಿದೆ. ಲೆಕ್ಕ ಬರೆಯುವ ಕೆಲಸ ಹಿಡಿದೆ. ಬೀದರಿನಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದೆ. ತಂದೆ ತೀರಿಕೊಂಡ ಮೇಲೆ ಅಮ್ಮಿ ನಮ್ಮ ಜೊತೆಗೇ ಬಂದರು. ಅಮ್ಮಿಯ ತವರು ಔರಾದ್ ತಾಲೂಕಿನ ಒಂದು ಹಳ್ಳಿ. ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ಬೆಳೆದವರು ಅವರು. ನನ್ನ ಮಗಳು ಅಮ್ಮಿಯ ತಾಯಿಯ ಬಣ್ಣವನ್ನೇ ಪಡೆದು ಹುಟ್ಟಿದಳು, ಔರಾದಿನ ಹೊಲದ ಮಣ್ಣಿನ ಹಾಗೆ ಕಪ್ಪು. ಆದರೆ ಅಮ್ಮಿಗೆ ಅದು ಕೊರಗಾಗಿತ್ತು. ಮಗು ಅಂಗಳಕ್ಕೆ ಆಡಲು ಹೊರಟರೆ ಸಾಕು, “ಅರೇ ಹಬ್ಶಣ್, ಧೂಪ್ ಮೇ ನಕ್ಕೋ ಜಾ” ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಬಿಸಿಲಿಗೆ ಹೋಗಬೇಡ, ಇನ್ನೂ ಕಪ್ಪಾಗುತ್ತೀ ಎಂಬ ಕಾಳಜಿ ಅದು. ‘ಹಬ್ಶಣ್’ ಎಂಬುದು ನಮ್ಮ ಮನೆಯಲ್ಲಿ ಅವಳ ಎರಡನೇ ಹೆಸರಾಯಿತು. ಮುದ್ದಿನಿಂದ ಕರೆಯುವುದಲ್ಲವೇ ಎಂದು ನಾವೆಲ್ಲ ನಕ್ಕೆವು. ನಾನೂ ನಕ್ಕೆ.

2017ರಲ್ಲಿ ನನಗೆ ತಾಂಜಾನಿಯಾದ ದಾರ್ ಎಸ್ ಸಲಾಂ ನಗರದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತು. ಹೋದ ಹೊಸತರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಸ್ವಾಹಿಲಿ ಭಾಷೆ. ಅಂಗಡಿಗೆ ಅವರು ‘ದುಕಾ’ ಎನ್ನುತ್ತಾರೆ. ದುಡ್ಡಿಗೆ ‘ಪೇಸಾ’, ವಾಹನಕ್ಕೆ ‘ಗಾರಿ’, ಪುಸ್ತಕಕ್ಕೆ ‘ಕಿತಾಬು’, ಲೆಕ್ಕಕ್ಕೆ ‘ಹೆಸಾಬು’, ಚಹಾಕ್ಕೆ ‘ಚಾಯ್’. ಬೀದರಿನ ಓಣಿಯಲ್ಲೇ ಇದ್ದ ಹಾಗೆ ಅನಿಸುತ್ತಿತ್ತು. ಒಂದು ದಿನ ಬಂದರಿನ ಹತ್ತಿರ ಮೂಟೆ ಹೊರುತ್ತಿದ್ದವನನ್ನು ತೋರಿಸಿ ಆತನಿಗೆ ಏನೆನ್ನುತ್ತೀರಿ ಎಂದು ಕಚೇರಿಯ ಜೊತೆಗಾರನನ್ನು ಕೇಳಿದೆ. ‘ಹಮಾಲಿ’ ಎಂದ. ಅರಬ್ಬೀ ವ್ಯಾಪಾರಿಗಳ ಹಡಗಿನಲ್ಲಿ ಆ ಕರೆಗೂ ಈ ಕರೆಗೂ ಹೋದ ಪದ ಅದು. ಅಷ್ಟು ದೂರ ಹೋಗಿ ನನ್ನ ತಂದೆಯ ಕಸುಬಿನ ಹೆಸರನ್ನೇ ಕೇಳಿದಾಗ ಒಂದು ಕ್ಷಣ ಸುಮ್ಮನೆ ನಿಂತುಬಿಟ್ಟೆ.

2019ರ ಫೆಬ್ರವರಿಯಲ್ಲಿ, ಊರಿಗೆ ಮರಳುವ ಮುನ್ನ, ಕಿಲಿಮಂಜಾರೊ ಹತ್ತಬೇಕೆಂದು ಮನಸ್ಸಾಯಿತು. 5,895 ಮೀಟರ್ ಎತ್ತರದ ಇದು ಆಫ್ರಿಕಾದ ಅತಿ ಎತ್ತರದ ಬೆಟ್ಟ. ಹಗ್ಗ, ಕೊಕ್ಕೆ ಏನೂ ಬೇಡ. ಕಾಲಿನಲ್ಲಿ ಕಸುವು, ಎದೆಯಲ್ಲಿ ಉಸಿರು ಇದ್ದರೆ ನಡೆದೇ ಹತ್ತಬಹುದು. ಹತ್ತಲು ಹಲವು ದಾರಿಗಳಿವೆ. ಮರಾಂಗು, ಮಚಾಮೆ ದಾರಿಗಳಲ್ಲಿ ಜನ ಹೆಚ್ಚು. ಬೆಟ್ಟದ ಉತ್ತರ ಮಗ್ಗುಲಿನಲ್ಲಿ, ಕೀನ್ಯಾದ ಗಡಿಗೆ ತಾಗಿಕೊಂಡು ಹೊರಡುವ ರೊಂಗಾಯ್ ದಾರಿಯಲ್ಲಿ ಗದ್ದಲ ಕಡಿಮೆ. ಆ ಕಡೆ ಮಳೆಯೂ ಕಡಿಮೆ. ಗದ್ದಲ ನನಗೆ ಮೊದಲಿನಿಂದಲೂ ಆಗದು. ರೊಂಗಾಯ್ ದಾರಿಯನ್ನೇ ಆರಿಸಿಕೊಂಡೆ.

ನಲೆಮೊರು ಎಂಬ ಗೇಟಿನಿಂದ ನಡಿಗೆ ಶುರು. ಒಬ್ಬ ಹಮಾಲನ ತಲೆಯ ಮೇಲೆ 20 ಕಿಲೋಗಿಂತ ಹೆಚ್ಚು ಹೊರೆ ಇರಬಾರದೆಂದು ಅಲ್ಲಿ ನಿಯಮವಿದೆ. ಪ್ರತಿಯೊಂದು ಚೀಲವನ್ನೂ ತೂಕಕ್ಕೆ ಹಾಕುತ್ತಾರೆ. ಭಾಲ್ಕಿಯಲ್ಲಿ ನನ್ನ ತಂದೆಯ ಬೆನ್ನ ಮೇಲಿರುತ್ತಿದ್ದ ಚೀಲ ಒಂದು ಕ್ವಿಂಟಲ್. ತಕ್ಕಡಿಯ ಮುಂದೆ ನಿಂತಾಗ ಅದು ನೆನಪಾಯಿತು. ನನ್ನ ಚೀಲ ಹೊರಲು ಬಂದವನು ಇಪ್ಪತ್ತು ಇಪ್ಪತ್ತೆರಡರ ಹುಡುಗ, ಬೆಟ್ಟದ ಬುಡದ ಚಾಗಾ ಜನಾಂಗದವನು. ಚೀಲವನ್ನು ತಲೆಯ ಮೇಲಿಟ್ಟುಕೊಂಡು, “ಪೋಲೆ ಪೋಲೆ” ಎಂದ. ನಿಧಾನ, ನಿಧಾನ ಎಂದರ್ಥ. ಹೇಳಿದವನೇ ಬರಬರನೆ ಮುಂದೆ ಹೋಗಿಬಿಟ್ಟ. ನಾವು ಬರುವಷ್ಟರಲ್ಲಿ ಅವರು ಡೇರೆ ಹಾಕಿ, ನೀರು ಕಾಯಿಸಿರಬೇಕು.

ಮೊದಲ ದಿನ ಮೆಕ್ಕೆಜೋಳದ ಹೊಲ, ಆಲೂಗಡ್ಡೆಯ ತುಂಡು ಜಮೀನು, ನೆಟ್ಟು ಬೆಳೆಸಿದ ಮರಗಳ ಕಾಡು ದಾಟಿ, 2,600 ಮೀಟರ್ ಎತ್ತರದ ಸಿಂಬಾ ಬಿಡಾರ ಸೇರಿದೆವು. ‘ಸಿಂಬಾ’ ಎಂದರೆ ಸಿಂಹ. ಎರಡನೇ ದಿನ ಮರಗಳು ಹಿಂದೆ ಉಳಿದವು. ಮೊಣಕಾಲೆತ್ತರದ ಕುರುಚಲು, ಅದರ ನಡುವೆ ಕರಿಬಂಡೆಗಳು, ಕಾಲಿಟ್ಟರೆ ಹೊಗೆಯಂತೆ ಏಳುವ ಧೂಳು. ಬಂಡೆಯೊಂದನ್ನು ಮುಟ್ಟಿ ನೋಡಿದೆ. ನಮ್ಮ ಭಾಲ್ಕಿ, ಔರಾದ್ ಕಡೆ ಬಾವಿ ತೋಡುವಾಗ ಸಿಗುವ ಕರಿಕಲ್ಲಿನ ಹಾಗೆಯೇ ಇತ್ತು. ಆಶ್ಚರ್ಯವೇನಿಲ್ಲ. ಕಿಲಿಮಂಜಾರೊ ಜ್ವಾಲಾಮುಖಿ ಬೆಟ್ಟ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಆರಿ ಕಲ್ಲಾಗಿ, ಆ ಕಲ್ಲು ಸವೆದು ನಮ್ಮ ಎರೆಮಣ್ಣಾಗಿದೆ. ಮಣ್ಣು ಕಪ್ಪಾದರೆ ನಮ್ಮ ರೈತ ಹಿಗ್ಗುತ್ತಾನೆ. ಹುಡುಗಿ ಕಪ್ಪಾದರೆ ಅದೇ ರೈತ ತಲೆ ಮೇಲೆ ಕೈ ಇಟ್ಟು ಕೂರುತ್ತಾನೆ.

ಆ ರಾತ್ರಿ 3,600 ಮೀಟರಿನ ಕಿಕೆಲೆಲ್ವಾ ಬಿಡಾರದಲ್ಲಿ ಚಳಿ ಹಿಡಿಯಿತು. ಅಡುಗೆ ಡೇರೆಯ ಒಲೆಯ ಹತ್ತಿರ ಹೋಗಿ ಕುಳಿತೆ. ನನ್ನ ಹರಕು ಮುರುಕು ಸ್ವಾಹಿಲಿಯಲ್ಲೇ ಮಾತು ನಡೆಯಿತು. ನನ್ನ ತಂದೆಯೂ ಹಮಾಲಿ ಎಂದೆ. ಅವರು ನಂಬಲಿಲ್ಲ. ಭಾರತದಿಂದ ಬೆಟ್ಟ ಹತ್ತಲು ಬಂದವನ ತಂದೆ ಹಮಾಲಿಯಾಗಿರುವುದುಂಟೇ ಎಂದು ನಕ್ಕರು. ಆಮೇಲೆ ಆ ಹುಡುಗ ಕೇಳಿದ:

“ನಿಮ್ಮ ಊರಿನಲ್ಲಿ ನಮ್ಮಂಥವರು ಇದ್ದಾರೆಯೇ?”

ಅವನನ್ನು ಖುಷಿಪಡಿಸಲೆಂದು ನಾನು ಹೇಳಿದೆ: “ಇದ್ದರು. ನಮ್ಮ ಊರಿನಲ್ಲಿ ಅವರ ಹೆಸರಿನ ಬೆಟ್ಟವೇ ಇದೆ. ಹಬ್ಶಿ ಕೋಟ್ ಎನ್ನುತ್ತಾರೆ.”

“ಹಬ್ಶಿ? ಉಹಬೇಶಿ?” ಅವನ ಕಣ್ಣು ಅರಳಿತು. ಇಥಿಯೋಪಿಯಾಕ್ಕೆ ಸ್ವಾಹಿಲಿಯ ಹಳೆಯ ಹೆಸರು ‘ಉಹಬೇಶಿ’. “ಆ ಬೆಟ್ಟದ ಮೇಲೆ ಏನಿದೆ?”

“ಗೋರಿಗಳಿವೆ.”

“ಯಾರವು?”

ನನಗೆ ಗೊತ್ತಿರಲಿಲ್ಲ.

“ನೀವು ಆ ಬೆಟ್ಟ ಹತ್ತಿದ್ದೀರಾ?”

ಇಲ್ಲ ಎಂದೆ. ಡೇರೆಯಲ್ಲಿದ್ದವರೆಲ್ಲ ನಕ್ಕರು. ಮನೆ ಪಕ್ಕದ ಹಬ್ಶಿಗಳ ಬೆಟ್ಟ ಬಿಟ್ಟು, ಸಮುದ್ರ ದಾಟಿ ಇಲ್ಲಿಗೆ ಬಂದಿದ್ದಾನೆ ಎಂದು ಅಡುಗೆಯವನು ತಮಾಷೆ ಮಾಡಿದ. ಹುಡುಗ ಮಾತ್ರ ನಗಲಿಲ್ಲ. “ಹಬ್ಶಿ ಎಂದರೆ ನಿಮ್ಮ ಊರಿನ ಜನ ಏನೆಂದು ತಿಳಿಯುತ್ತಾರೆ?” ಎಂದ.

“ದೊಡ್ಡ ಅಮೀರರು, ಸುಲ್ತಾನರ ಸರದಾರರು” ಎಂದೆ. ಅವನು ತಲೆಯಾಡಿಸಿದ. ಅವನ ಮುಖದಲ್ಲಿ ಹೆಮ್ಮೆ ಇತ್ತು. ನನ್ನ ಮನೆಯ ಅಂಗಳದಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಮರುದಿನ ಮಾವೆಂಜಿ ಶಿಖರದ ಗರಗಸದಂಥ ಕಲ್ಲುಗಳ ಕೆಳಗೆ, 4,300 ಮೀಟರ್ ಎತ್ತರದ ಸಣ್ಣ ಕೊಳದ ದಂಡೆಯಲ್ಲಿ ತಂಗಿದೆವು. ನಾಲ್ಕನೇ ದಿನ ಹುಲ್ಲುಕಡ್ಡಿಯೂ ಅಪರೂಪವಾದ ಬಯಲು ದಾಟಿ 4,700 ಮೀಟರಿನ ಕಿಬೊ ಬಿಡಾರಕ್ಕೆ ಬಂದೆವು. ಮರಾಂಗು ದಾರಿಯವರೂ ಅಲ್ಲಿಗೇ ಬಂದು ಸೇರುವುದರಿಂದ ಅಲ್ಲಿ ಜನ ಕಂಡರು. ಮಧ್ಯರಾತ್ರಿ ಹಣೆಗೆ ದೀಪ ಕಟ್ಟಿಕೊಂಡು ಹೊರಟೆವು. ಎರಡು ಹೆಜ್ಜೆ ಮೇಲಕ್ಕಿಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುವ ಸಡಿಲ ಜಲ್ಲಿ. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕೆಳಗಿನದರ ಹೆಚ್ಚುಕಡಿಮೆ ಅರ್ಧ. ತಲೆ ಸಿಡಿಯುತ್ತಿತ್ತು. ಹೊಟ್ಟೆ ತೊಳಸುತ್ತಿತ್ತು. ಬೆಳಗಿನ ಹೊತ್ತಿಗೆ 5,685 ಮೀಟರಿನ ಗಿಲ್ಮನ್ಸ್ ಪಾಯಿಂಟ್ ತಲುಪಿದೆವು. ಜ್ವಾಲಾಮುಖಿಯ ಬಾಯಿಯ ಅಂಚು ಅದು. ಅಲ್ಲಿಂದ ತುದಿಗೆ ಇನ್ನು 210 ಮೀಟರ್ ಮಾತ್ರ ಏರಬೇಕು. ತುದಿಯ ಹೆಸರು ಉಹುರು, ಅಂದರೆ ಸ್ವಾತಂತ್ರ್ಯ. 1961ರಲ್ಲಿ ತಾಂಗನಿಕಾ ಸ್ವತಂತ್ರವಾದಾಗ ಅದರ ಮೇಲೆ ದೀವಟಿಗೆ ಹೊತ್ತಿಸಿದ್ದರು. ನನ್ನ ಹೆಜ್ಜೆ ತಪ್ಪುತ್ತಿರುವುದನ್ನು ಕಂಡು ಮಾರ್ಗದರ್ಶಿ ಸಾಕು ಎಂದ. ನಾನೂ ವಾದ ಮಾಡಲಿಲ್ಲ. ಕೆಳಗೆ ಮೋಡದ ಹಾಸಿನ ಆಚೆ ಸೂರ್ಯ ಏಳುತ್ತಿದ್ದ. ಒಂದು ಕಡೆ ಹಿಮದ ಗೋಡೆ ಕಂಡಿತು. 1912ರಿಂದ ಈಚೆಗೆ ಆ ಬೆಟ್ಟದ ಹಿಮದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಕರಗಿಹೋಗಿದೆ.

ಕಿಬೊ ಬಿಡಾರಕ್ಕೆ ಇಳಿದು ಬಂದಾಗ ಆ ಹುಡುಗ ಸಕ್ಕರೆ ಹೆಚ್ಚು ಹಾಕಿದ ಚಹಾ ಹಿಡಿದು ನಿಂತಿದ್ದ. ತುದಿ ಮುಟ್ಟಿದಿರಾ ಎಂದು ಕೇಳಲಿಲ್ಲ. ನನ್ನ ಬೂಟಿನ ದಾರ ಬಿಚ್ಚಲು ಬಗ್ಗಿದ. ನಾನು ಬೇಡವೆಂದೆ. ಅವನು ಕೇಳಲಿಲ್ಲ. ಭಾಲ್ಕಿಯ ಮನೆಯಲ್ಲಿ ರಾತ್ರಿ ನನ್ನ ತಂದೆಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವನು ನಾನು. ನನ್ನ ಕಾಲ ಬಳಿ ಇನ್ನೊಬ್ಬ ಹಮಾಲ ಕುಳಿತದ್ದು ನನ್ನಿಂದ ನೋಡಲಾಗಲಿಲ್ಲ.

ಆರನೇ ದಿನ ಮರಾಂಗು ಗೇಟಿನಲ್ಲಿ ಬೀಳ್ಕೊಡುವಾಗ ಅವನು ನನ್ನ ಕೈ ಹಿಡಿದು, “ನಿಮ್ಮ ಹಬ್ಶಿಗಳ ಬೆಟ್ಟಕ್ಕೆ ಹೋದರೆ ನನ್ನ ಸಲಾಮು ಹೇಳಿ” ಎಂದ.

ಊರಿಗೆ ಬಂದ ಮೇಲೆ ಪುಸ್ತಕಗಳನ್ನು ತಿರುವಿದೆ. ಬಹಮನಿ ಸುಲ್ತಾನರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದ ಹಬ್ಶಿಗಳು ಇಲ್ಲಿ ಸೈನಿಕರಾದರು, ಸರದಾರರಾದರು. ಹಬ್ಶಿಯಾದ ದಸ್ತೂರ್ ದಿನಾರ್ ಗುಲ್ಬರ್ಗದ ಅಧಿಪತಿಯಾಗಿದ್ದ. ಇಥಿಯೋಪಿಯಾದಲ್ಲಿ ಹುಟ್ಟಿ ಹಲವು ಸಲ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ, ಮೊಗಲರಿಗೆ ಸಿಂಹಸ್ವಪ್ನವಾದ. 1626ರಲ್ಲಿ ತೀರಿಕೊಂಡ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನನ್ನು 1481ರಲ್ಲಿ ಕೊಲ್ಲಿಸಿದಾಗ ಕತ್ತಿ ಎತ್ತಿದವನು ಜೌಹರ್ ಎಂಬ ಹಬ್ಶಿ ಗುಲಾಮನೆಂದು ಚರಿತ್ರೆಕಾರ ಫರಿಶ್ತಾ ಬರೆದಿದ್ದಾನೆ. ಕತ್ತಿ ಹಿಡಿದ ಗುಲಾಮನ ಬಣ್ಣ ಚರಿತ್ರೆಯಲ್ಲಿ ಉಳಿದಿದೆ. ಆಜ್ಞೆ ಕೊಟ್ಟ ಸುಲ್ತಾನನ ಬಣ್ಣ ಯಾವುದೆಂದು ಯಾರೂ ಕೇಳುವುದಿಲ್ಲ. ನಮ್ಮದೇ ರಾಜ್ಯದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಆಡುತ್ತಾ ಬದುಕುವ ಸಿದ್ದಿಗಳಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಅವರೊಳಗಿನ ಒಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಬರಲು 2020ರವರೆಗೆ ಕಾಯಬೇಕಾಯಿತು.

ಒಂದು ಸಂಜೆ ಅಮ್ಮಿಯ ಬಳಿ ಕುಳಿತು ಹೇಳಿದೆ: “ಅಮ್ಮಿ, ಹಜ್ರತ್ ಬಿಲಾಲ್ ಕೂಡ ಹಬ್ಶಿಯೇ ಅಲ್ಲವೇ? ಮಕ್ಕಾದಲ್ಲಿ ಕಿರುಕುಳ ತಾಳಲಾರದೆ ಹೋದವರಿಗೆ ಆಸರೆ ಕೊಟ್ಟ ನಜ್ಜಾಶಿ ದೊರೆಯೂ ಹಬ್ಶಿ.”

“ಅದು ಬೇರೆ” ಎಂದರು ಅಮ್ಮಿ.

“ಹೇಗೆ ಬೇರೆ?”

ಅಮ್ಮಿ ಉತ್ತರಿಸಲಿಲ್ಲ. ತಸ್ಬೀಹಿನ ಮಣಿಗಳನ್ನು ಮುಂದೆ ಸರಿಸುತ್ತಾ ಕುಳಿತರು.

ಆ ವಾರವೇ ಮಗಳನ್ನು ಕರೆದುಕೊಂಡು ಹಬ್ಶಿ ಕೋಟ್‌ಗೆ ಹೋದೆ. ಆಗ ಅವಳಿಗೆ ಹದಿಮೂರು ವರ್ಷ. ಮದುವೆ ಮನೆಗಳಿಗೆ ಬರುವುದನ್ನೇ ಬಿಟ್ಟಿದ್ದಳು. ಫೋಟೋ ತೆಗೆಯುವಾಗ ಎಲ್ಲರ ಹಿಂದೆ ನಿಲ್ಲುತ್ತಿದ್ದಳು. ಬೀದರ್ ನಗರವೇ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪುಕಲ್ಲಿನ ದಿಬ್ಬದ ಮೇಲಿದೆ. ಹಬ್ಶಿ ಕೋಟ್ ಹತ್ತಲು ಚೀಲ ಬೇಡ, ಮಾರ್ಗದರ್ಶಿ ಬೇಡ. ಅಲ್ಲಿ ಸರಕಾರದ ಅತಿಥಿಗೃಹವಿದೆ, ವಾಹನವೂ ಹೋಗುತ್ತದೆ. ನಾವು ನಡೆದೇ ಹೋದೆವು. ಗೋರಿಗಳ ಬಳಿ ಯಾರೂ ಇರಲಿಲ್ಲ. ಕೆಳಗೆ ಹೊಲಗಳು ದೂರದವರೆಗೆ ಹರಡಿದ್ದವು. ಫಾತಿಹಾ ಓದಿದೆ. ಕಿಲಿಮಂಜಾರೊದ ಹುಡುಗನ ಸಲಾಂ ಹೇಳಿದೆ. ಆಮೇಲೆ ಮಗಳಿಗೆ ನಾನು ಓದಿದ್ದನ್ನೆಲ್ಲ ಹೇಳತೊಡಗಿದೆ. ಅಂಬರನ ಕತೆ, ದಿನಾರನ ಕತೆ, ಹಬ್ಶಿ ಎಂಬುದು ಎಂಥ ಗೌರವದ ಹೆಸರು ಎಂಬುದು.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಹೇಳಿದಳು: “ಅದೆಲ್ಲ ಸರಿ ಅಬ್ಬು. ಆದ್ರೆ ದಾದಿ ನನಗ ಹಂಗ ಕರೀವಾಗ ನೀವೂ ನಗ್ತಿದ್ರಿ.”

ಅದಕ್ಕೆ ನನ್ನ ಬಳಿ ಚರಿತ್ರೆಯ ಯಾವ ಪುಟವೂ ಇರಲಿಲ್ಲ. “ಹೌದು, ನಕ್ಕಿದ್ದೆ. ತಪ್ಪಾಯಿತು” ಎಂದೆ. ಅವಳು ಬೇರೆ ಕಡೆ ನೋಡುತ್ತಾ ಕುಳಿತಳು. ಹೊತ್ತು ಮುಳುಗುವವರೆಗೆ ನಾವಿಬ್ಬರೂ ಏಳಲಿಲ್ಲ.

‘ಹಮಾಲನ ಮಗ’ ಎಂಬ ಮಾತಿಗೆ ಬಾಲ್ಯವಿಡೀ ಉರಿದ ನಾನು, ಅದೇ ನಗೆಯನ್ನು ನನ್ನ ಮಗಳ ಮೇಲೆ ನಕ್ಕಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ಆಫ್ರಿಕಾದವರೆಗೆ ಹೋಗಿಬರಬೇಕಾಯಿತು. ಆ ಹುಡುಗನಿಗೆ ಅಂದು ಹೇಳದೆ ಉಳಿಸಿಕೊಂಡಿದ್ದ ಮಾತು ಇದೇ.

ಮಗಳು ಈಗ ಪದವಿ ಓದುತ್ತಿದ್ದಾಳೆ. ಅಮ್ಮಿಗೆ ವಯಸ್ಸಾಗಿದೆ. ಹಳೆಯ ರೂಢಿಯಿಂದ ಕೆಲವೊಮ್ಮೆ ‘ಹಬ್...’ ಎಂದು ಶುರು ಮಾಡುತ್ತಾರೆ, ಅಲ್ಲಿಗೇ ನಿಲ್ಲಿಸಿ ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ. ಅವಳು “ಆಯೀ ದಾದಿ” ಎಂದು ಬಿಸಿಲಿನಿಂದ ಒಳಗೆ ಬರುತ್ತಾಳೆ.